ತದೇಯೊ ಸತ್ತ ಪುಟ

"ಬದುಕಿರೋ ಮನುಷ್ಯನ ಚಿತ್ರ ಎಡೆಗೆ ಇಟ್ಟೋರು ಯಾರು?"

ಹಸಿಂತೊನ ಕಾಮಿಕ್ಸ್ ಅಂಗಡಿಯ ಬಾಗಿಲಲ್ಲಿ ನಿಂತು ಹಾಗೆ ಕೇಳಿದ್ದು ಎಲ್ಲರೂ ಗೌರವದಿಂದ ದೋನ್ಯಾ ಎಂದು ಕರೆಯುವ ಓತಿಲಿಯಾ, ಅನಾಲ್ಕೊ ಬೀದಿಯ ಬೇಕರಿಯ ಅಜ್ಜಿ. ಏಪ್ರನ್ ಬಿಚ್ಚುವುದಕ್ಕೂ ಪುರುಸೊತ್ತಿಲ್ಲದೆ ಬಂದಿದ್ದರು. ಮೊಣಕೈವರೆಗೆ ಹಿಟ್ಟು ಮೆತ್ತಿತ್ತು. ಸತ್ತವರ ಹಬ್ಬ ನಾಳೆ, ಮನೆಮನೆಯ ಎಡೆಗೂ ಬ್ರೆಡ್ ಬೇಕು ಎನ್ನುವಾಗ ನಮ್ಮ ಪ್ವೆಬ್ಲಾ ಊರಲ್ಲಿ ಬೇಕರಿಯವರು ಒಲೆ ಬಿಟ್ಟು ಕದಲುವುದಿಲ್ಲ. ಕದಲಿದರೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ.

ಈ ಸಲ ಅದು ನೊಯೆಮಿಗೆ ಕಾದಿತ್ತು. ಎಡೆಯ ಮೇಜಿನ ಮುಂದೆ ಮಂಡಿಯೂರಿ ಚೆಂಡುಹೂವಿನ ಎಸಳು ಚೆಲ್ಲುತ್ತಿದ್ದವಳು ತಿರುಗಿ ನೋಡಿದಳು. ಅಜ್ಜಿಯ ಹಿಂದೆ ಒಬ್ಬ ನಿಂತಿದ್ದ.

ಗುಂಗುರು ಕೂದಲು. ಗಾಳಿಗೆ ಹಾರಿಬಿಡುತ್ತವೇನೋ ಎನ್ನುವಂಥ ಅಗಲ ಕಿವಿ. ಆ ಮುಖ ಅವಳಿಗೆ ಬಾಯಿಪಾಠ. ಮೇಜಿನ ಮೇಲೆ, ಮೇಣದಬತ್ತಿಗಳ ನಡುವೆ ಇದ್ದ ದೊಡ್ಡ ಚಿತ್ರದಲ್ಲೂ ಅದೇ ಮುಖ.

'ಆದರೆ ಇವನು ಸತ್ತಿದ್ದನಲ್ಲ... ಮಳೆಗಾಲದಲ್ಲೇ ಸತ್ತುಹೋದನಲ್ಲ...'

ಅವನು ಉಸಿರಾಡುತ್ತಿದ್ದ. ಅವನ ತೋಳಿನ ರೋಮಕ್ಕೆ ಸಕ್ಕರೆ ಅಂಟಿತ್ತು. ನೊಯೆಮಿಗೆ ಅದನ್ನು ನೋಡಿ ನಗು ಬಂತು. ಕೈಯಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಬೆರಳ ತುಂಬ ಹೂವಿನ ಎಸಳು.

"ನನ್ನ ಸಾವು ನಿಮಗೆ ಅಷ್ಟು ತಮಾಷೆಯಾಗಿದೆಯಾ?" ಎಂದ ಅವನು.

ಅವಳು ಕೇಳಿದ ಅವನ ಮೊದಲ ಮಾತು ಅದು. ಇಷ್ಟು ದಿನ ಆ ಮುಖವನ್ನು ಪ್ರೀತಿಸಿದವಳಿಗೆ ಆ ದನಿಯಲ್ಲಿ ಸಿಕ್ಕಿದ್ದು ಬರೀ ತಿರಸ್ಕಾರ.

ಅವಳು ಬಾಯಿಬಿಟ್ಟು ಏನಾದರೂ ಹೇಳಬಹುದಿತ್ತು. ಹೇಳಲಿಲ್ಲ. ನೊಯೆಮಿ ಇರುವುದೇ ಹಾಗೆ, ಮಾತಾಡಬೇಕಾದ ಕಡೆ ಚಿತ್ರ ಬರೆಯುವವಳು.

ಅಮ್ಮ ತೀರಿಕೊಂಡಾಗಲೂ ಹಾಗೇ ಆಗಿತ್ತು. ಬಂದವರೆಲ್ಲ ಧೈರ್ಯವಾಗಿರು, ಅಳಬೇಡ, ಮುಂದಿನದು ನೋಡು ಎಂದರು. ಅವಳು ಎಲ್ಲರಿಗೂ ತಲೆಯಾಡಿಸಿ, ಎರಡನೇ ಮಹಡಿಯ ಮನೆ ಸೇರಿ, ಶಾಯಿಯ ಬಾಟಲಿ ಬಿಚ್ಚಿ 'ಬೂದಿ ಊರು' ಎಂಬ ಚಿತ್ರಕಥೆ ಬರೆಯತೊಡಗಿದಳು. ಜ್ವಾಲಾಮುಖಿ ಉಗುಳಿದ ಬೂದಿ ನಿಲ್ಲದೇ ಸುರಿಯುವ ಒಂದು ಊರು. ಜನ ಬಾಗಿಲು ಹಾಕಿಕೊಂಡು ಒಳಗೇ ಒಬ್ಬೊಬ್ಬರಾಗಿ ಸಾಯುವ ಕಥೆ. ಯಾರಾದರೂ ಸಾಯುವ ಹೊತ್ತು ಬಂದರೆ ಪುಟದ ಅಡಿಯಿಂದ ಕಪ್ಪು ಮೇಲೇರುತ್ತಿತ್ತು, ಚೌಕಗಳು ಸಣ್ಣದಾಗುತ್ತಿದ್ದವು, ಮಾತಿನ ಗುಳ್ಳೆಯೊಳಗೆ ಮಾತು ಇರುತ್ತಿರಲಿಲ್ಲ. ಹಸಿಂತೊ ಅದನ್ನು ಅಚ್ಚು ಹಾಕಿಸಿ ಮಾರುತ್ತಿದ್ದ. ಇಷ್ಟು ಕತ್ತಲೆ ಯಾರಿಗೆ ಬೇಕಮ್ಮ ಎಂದು ಗೊಣಗುತ್ತಲೇ ಎಲ್ಲ ಪ್ರತಿ ಖರ್ಚಾಗಿದ್ದನ್ನು ನೋಡಿ ಸುಮ್ಮನಾಗುತ್ತಿದ್ದ.

ಆ ಕತ್ತಲೆಯಲ್ಲಿ ಒಬ್ಬನೇ ಒಬ್ಬ ಓಡಾಡುತ್ತಿದ್ದ. ಅವನೇ ತದೇಯೊ, ಮುಚ್ಚಿದ ಬಾಗಿಲುಗಳಿಗೆ ಬ್ರೆಡ್ ತಂದುಕೊಡುವವನು.

ತದೇಯೊನ ಮುಖ ಎಲ್ಲಿಂದ ಬಂತು ಎಂದು ಓದುಗರು ಕೇಳಿದರೆ ನೊಯೆಮಿ ಮಾತು ಮರೆಸುತ್ತಿದ್ದಳು. ಬಂದದ್ದು ಅವಳ ಕಿಟಕಿಯ ಕೆಳಗಿಂದ. ಪ್ರತಿ ಬೆಳಿಗ್ಗೆ ಬೇಕರಿಯ ಹುಡುಗ ಮೂರು ಗಾಲಿಯ ಸೈಕಲ್ಲಿನಲ್ಲಿ ಗಂಟೆ ಬಾರಿಸುತ್ತ ಬರುತ್ತಿದ್ದ. ಅವಳು ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಚಿಲ್ಲರೆ ಇಟ್ಟು ಇಳಿಸುತ್ತಿದ್ದಳು. ಅವನು ಬ್ರೆಡ್ ಹಾಕಿ, ಮೇಲೊಂದು ಪುಟ್ಟ ಬನ್ನು ಕೊಸರಾಗಿ ಇಟ್ಟು, ಮೇಲೆ ನೋಡಿ ನಗುತ್ತಿದ್ದ. ಅಷ್ಟೇ ಪರಿಚಯ. ಆ ನಗುವೊಂದನ್ನು ನಂಬಿ ಅವಳು ಇಡೀ ದಿನ ಕೆಲಸ ಮಾಡುತ್ತಿದ್ದಳು.

ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಗಂಟೆ ಕೇಳಿಸಲಿಲ್ಲ. ಮರುದಿನವೂ ಇಲ್ಲ. ಬುಟ್ಟಿ ಇಳಿಯಿತು, ಖಾಲಿ ಮೇಲೆ ಬಂತು. ತಡೆಯಲಾರದೆ ಬೇಕರಿಯ ಬೀದಿಗೆ ಹೋದಳು. ಮುಚ್ಚಿದ ಬಾಗಿಲ ಮೇಲೆ ಕಪ್ಪು ಬಟ್ಟೆಯ ಗಂಟು ಕಟ್ಟಿತ್ತು. ಸಾವಾದ ಮನೆಯ ಗುರುತು. ಕೆಳಗೆ ಅಂಟಿಸಿದ್ದ ಚೀಟಿಯಲ್ಲಿ ಯಾರ ಹೆಸರಿದೆಯೆಂದು ಓದಲು ರಸ್ತೆ ದಾಟಬೇಕಿತ್ತು, ಅಷ್ಟೇ. ಅವಳು ದಾಟಲಿಲ್ಲ. ಸಾವಿನ ಸುದ್ದಿಯನ್ನು ಕೇಳಿ ಖಚಿತಪಡಿಸಿಕೊಳ್ಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಮನೆಗೆ ಬಂದು ತದೇಯೊ ಸತ್ತ ಪುಟ ಬರೆದಳು.

ಆ ಪುಟ ಓದಿದವರು ಅತ್ತರು. ಅವರೇ ಸೇರಿ ಹಸಿಂತೊನ ಅಂಗಡಿಯಲ್ಲಿ ತದೇಯೊನಿಗೆ ಎಡೆ ಇಟ್ಟರು. ಆಮೇಲೆ ಒಬ್ಬಳು ತನ್ನ ಅಕ್ಕನ ಬಾಚಣಿಗೆ ತಂದಿಟ್ಟಳು, ಇನ್ನೊಬ್ಬ ಅಪ್ಪನ ಕನ್ನಡಕ ಇಟ್ಟ. ಮನೆಯಲ್ಲಿ ಅಳಲು ಜಾಗ ಸಿಗದವರೆಲ್ಲ ಕಾಗದದ ಒಬ್ಬ ಬ್ರೆಡ್ ಮಾರುವವನ ನೆಪದಲ್ಲಿ ಅಲ್ಲಿ ಅತ್ತು ಹೋಗುತ್ತಿದ್ದರು.

ಇದನ್ನೆಲ್ಲ ಓತಿಲಿಯಾಗೆ ಹೇಳುವವರು ಯಾರು? ಅಜ್ಜಿ ಅಂಗಡಿಯಲ್ಲಿ ಗುಡುಗುತ್ತಿದ್ದರು. ನಾಳೆ ಮಧ್ಯಾಹ್ನ ಚರ್ಚಿನ ಗಂಟೆ ಹೊಡೆದರೆ ಸತ್ತವರು ಬಂದುಬಿಡುತ್ತಾರೆ, ತಮ್ಮವನೇ ಎಂದು ಮೊಮ್ಮಗನನ್ನೂ ಕರೆದುಕೊಂಡು ಹೋದರೆ ಯಾರು ಹೊಣೆ ಎಂದರು. ಚಿತ್ರ ತೆಗೆಯಬೇಕು, ಮುಂದಿನ ಪುಸ್ತಕದಲ್ಲಿ ಆ ತದೇಯೊನನ್ನು ಬದುಕಿಸಿ ತೋರಿಸಬೇಕು ಎಂದೂ ಅಪ್ಪಣೆ ಮಾಡಿದರು.

ಆಗ ನೊಯೆಮಿ ಬಾಯಿಬಿಟ್ಟಳು. "ಬದುಕಿಸೋಕಾಗಲ್ಲ, ದೋನ್ಯಾ."

"ಯಾಕಾಗಲ್ಲ? ಪೆನ್ಸಿಲ್ ನಿನ್ನ ಕೈಯಲ್ಲೇ ಇದೆಯಲ್ಲ."

"ಸತ್ತವರು ಎದ್ದು ಬರ್ತಾರೆ ಅಂತ ಬರೆದರೆ... ಇಲ್ಲಿ ಬಾಚಣಿಗೆ ಇಟ್ಟ ಹುಡುಗಿಗೆ ಸುಳ್ಳು ಹೇಳಿದ ಹಾಗಾಗತ್ತೆ. ಅವಳ ಅಕ್ಕ ಬರಲ್ಲ."

ಅಜ್ಜಿಯ ಮುಖ ಒಮ್ಮೆಲೇ ಸಣ್ಣದಾಯಿತು. ಯಾಕೆಂದು ನೊಯೆಮಿಗೆ ತಿಳಿಯಲಿಲ್ಲ. ಅಜ್ಜಿ ಎಫ್ರಾಯಿನ್ ಎಂದು ಕರೆಯುತ್ತಿದ್ದ ಆ ಮೊಮ್ಮಗ ಅವರ ಹೆಗಲಿಗೆ ಕೈಹಾಕಿ ಹೊರಗೆ ಕರೆದೊಯ್ದ. ಹೋಗುವಾಗ ತದೇಯೊ ಸತ್ತ ಪುಟವಿದ್ದ ಪುಸ್ತಕದ ಒಂದು ಪ್ರತಿ ಎತ್ತಿಕೊಂಡ. ಅವಳ ಕಡೆ ತಿರುಗಿಯೂ ನೋಡಲಿಲ್ಲ.

'ಸತ್ತ ಅಂತ ಅತ್ತೆ. ಬದುಕಿದ್ದಾನೆ ಅಂತ ಗೊತ್ತಾದ ದಿನವೇ ಕಳಕೊಂಡೆ... ನನ್ನಂಥ ಪೆದ್ದಿ ಈ ಊರಲ್ಲಿ ಇನ್ನೊಬ್ಬಳಿಲ್ಲ!'

ಎಫ್ರಾಯಿನ್ ಆ ಪುಸ್ತಕ ಓದಿದ್ದು ಅದೇ ರಾತ್ರಿ ಒಲೆಯ ಪಕ್ಕ, ಹಬ್ಬದ ಬ್ರೆಡ್ ಉಬ್ಬುವುದನ್ನು ಕಾಯುತ್ತ. ತನ್ನನ್ನು ಹೇಗೆ ಕೊಂದಿದ್ದಾಳೆ ಎಂದು ನೋಡುವ ಕೋಪ ಅವನಿಗೆ. ರಕ್ತ ಇರಬಹುದು, ಬೆಂಕಿ ಇರಬಹುದು ಅಂದುಕೊಂಡಿದ್ದ.

ರಕ್ತವೂ ಇರಲಿಲ್ಲ, ಹೆಣವೂ ಇರಲಿಲ್ಲ. ತದೇಯೊನೇ ಆ ಪುಟದಲ್ಲಿರಲಿಲ್ಲ. ಒಂದು ಕಿಟಕಿಯಿಂದ ಬುಟ್ಟಿ ಕೆಳಗಿಳಿಯುತ್ತಿತ್ತು, ಖಾಲಿ ಮೇಲೆ ಹೋಗುತ್ತಿತ್ತು. ಮುಂದಿನ ಚೌಕದಲ್ಲೂ ಅದೇ, ಅದರ ಮುಂದೆಯೂ ಅದೇ. ಕೊನೆಯ ಚೌಕದಲ್ಲಿ ಬುಟ್ಟಿ ನಡುಗಾಳಿಯಲ್ಲಿ ತೂಗುತ್ತಿತ್ತು. ಮೇಲೆಳೆಯುವ ಮನಸ್ಸೂ ಯಾರಿಗೂ ಇದ್ದಂತಿರಲಿಲ್ಲ.

ಬುಟ್ಟಿಯ ಹಿಡಿ ಒಂದು ಕಡೆ ಮುರಿದು, ಚೌಕಳಿ ಬಟ್ಟೆಯಿಂದ ಸುತ್ತಿತ್ತು.

ಅವನು ಪುಸ್ತಕವನ್ನು ಬೆಳಕಿಗೆ ಹಿಡಿದ. ಆ ಹಿಡಿ, ಆ ಬಟ್ಟೆ ಅವನಿಗೆ ಗೊತ್ತು. ಎಷ್ಟೋ ಬೆಳಿಗ್ಗೆ ಅದರೊಳಗೆ ಅವನೇ ಬ್ರೆಡ್ ಇಟ್ಟಿದ್ದ. ತಾತ ಹೋದ ಮೇಲೆ ಒಲೆಯ ಕೆಲಸವೆಲ್ಲ ಅವನ ಮೇಲೆ ಬಿದ್ದು, ಸೈಕಲ್ಲು ಗೋಡೆಗೆ ಒರಗಿತ್ತು. ತನಗಾಗಿ ಯಾರೋ ಬುಟ್ಟಿ ಇಳಿಸುತ್ತಲೇ ಇದ್ದರು ಎಂಬುದು ಅವನ ತಲೆಗೇ ಹೊಳೆದಿರಲಿಲ್ಲ.

ಹಬ್ಬದ ಬೆಳಿಗ್ಗೆ ಆ ಬೀದಿಯಲ್ಲಿ ಮತ್ತೆ ಗಂಟೆ ಕೇಳಿಸಿತು.

ನೊಯೆಮಿ ಕಿಟಕಿಗೆ ಓಡಿಬಂದಳು. ಕೆಳಗೆ ಅದೇ ಸೈಕಲ್ಲು, ಅದೇ ಕಿವಿ. ನಗು ಮಾತ್ರ ಇರಲಿಲ್ಲ. ಕೈಗಳು ತಾವಾಗಿಯೇ ಬುಟ್ಟಿ ಇಳಿಸಿದವು, ಚಿಲ್ಲರೆ ಇಡುವುದನ್ನೂ ಮರೆತು.

"ನಾನು ಸತ್ತೆ ಅಂದ್ಕೊಂಡಿದ್ರಾ?" ಅವನು ಕೆಳಗಿನಿಂದಲೇ ಕೇಳಿದ. ಎದುರುಮನೆಯ ಕಿಟಕಿಯೊಂದು ಮೆಲ್ಲಗೆ ತೆರೆಯಿತು. ನಮ್ಮ ಬೀದಿಗೆ ಕಿವಿ ಜಾಸ್ತಿ.

"ಬಾಗಿಲ ಮೇಲೆ ಕಪ್ಪು ಗಂಟಿತ್ತು," ಎಂದಳು ಅವಳು. "ನೀವು ಬರಲಿಲ್ಲ... ಕೇಳೋಕೆ ಭಯ ಆಯ್ತು."

"ಅದು ತಾತಂಗೆ ಕಟ್ಟಿದ್ದು."

ಅವಳು ಕಿಟಕಿಯ ಕಟ್ಟೆ ಗಟ್ಟಿಯಾಗಿ ಹಿಡಿದುಕೊಂಡಳು. ನಿನ್ನೆ ನಕ್ಕಿದ್ದು ಅವನು ಬದುಕಿರುವುದನ್ನು ಕಂಡ ಸಂತೋಷಕ್ಕೆ, ಅದನ್ನು ಅವನಿಗೆ ಹೇಳದೆ ಇನ್ನೊಂದು ರಾತ್ರಿ ಕಳೆಯಲಾರೆ ಎನಿಸಿತು. ಎದುರುಮನೆಯವರು ಕೇಳಿಸಿಕೊಳ್ಳಲಿ ಬಿಡಲಿ, ಹೇಳಿಯೇಬಿಟ್ಟಳು.

ಅವನು ತಲೆಯೆತ್ತಿ ಅವಳನ್ನು ಸರಿಯಾಗಿ ನೋಡಿದ. ಆಮೇಲೆ ತಲೆ ಕೆರೆದುಕೊಂಡ.

"ಎರಡನೇ ಮಹಡೀಲಿ ಯಾರೋ ಅಜ್ಜಿ ಇದ್ದಾರೆ ಅಂದ್ಕೊಂಡಿದ್ದೆ. ಕೈ ಮಾತ್ರ ಕಾಣ್ತಿತ್ತು. ಕರಿ ಗವಸು ಹಾಕ್ಕೊಂಡ ಅಜ್ಜಿ."

ನೊಯೆಮಿ ಶಾಯಿ ಮೆತ್ತಿದ ತನ್ನ ಬೆರಳು ನೋಡಿಕೊಂಡಳು. ಇಷ್ಟು ದಿನ ಕೊಸರು ಹೋಗುತ್ತಿದ್ದದ್ದು ಒಬ್ಬ ಅಜ್ಜಿಗೆ!

ಅವನು ಬುಟ್ಟಿಯಲ್ಲಿ ಹಬ್ಬದ ಬ್ರೆಡ್ ಇಟ್ಟ, ಅದರ ಪಕ್ಕ ಒಂದು ಹಳೆಯ ಫೋಟೊ ಇಟ್ಟ. ಅವಳು ಎಳೆದುಕೊಂಡು ನೋಡಿದಳು. ಫೋಟೊದಲ್ಲಿದ್ದದ್ದು ಎಫ್ರಾಯಿನನೇ, ಅದೇ ಗುಂಗುರು, ಅದೇ ಕಿವಿ, ಆದರೆ ಮೂಗಿನ ಕೆಳಗೆ ಪೊದೆಯಂಥ ಮೀಸೆ.

"ತಾತ ಫಿದೆನ್ಸಿಯೊ, ಮದುವೆಗೆ ಮುಂಚೆ. ಆ ಕಿವಿ ನಮ್ಮ ಮನೆತನದ ಆಸ್ತಿ," ಎಂದ. ಆಮೇಲೆ ದನಿ ತಗ್ಗಿಸಿದ. ಅಜ್ಜಿ ಊರಿನ ಸತ್ತವರಿಗೆಲ್ಲ ಬ್ರೆಡ್ ಬೇಯಿಸುತ್ತಾಳೆ, ಗಂಡನಿಗೆ ಮಾತ್ರ ಎಡೆ ಇಟ್ಟಿಲ್ಲ, ಫೋಟೊ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದಾಳೆ, ಇಟ್ಟರೆ ಅವನು ಸತ್ತದ್ದು ನಿಜವಾಗುತ್ತದಂತೆ ಎಂದು ಹೇಳಿದ.

"ನಿಮ್ಮ ಆ ಪುಟ ಓದಿದೆ. ತದೇಯೊನ ಬದುಕಿಸಬೇಡಿ. ತಾತ ಹೋದಾಗ ನಮ್ಮನೇಲಿ ಆಗಿದ್ದೂ ಅದೇ. ಯಾರೂ ಏನೂ ಹೇಳಲಿಲ್ಲ. ಅವರ ಕುರ್ಚಿ ಮಾತ್ರ ಅಲ್ಲೇ ಇತ್ತು. ನಾನು ಅತ್ತಿದ್ದೇ ನಿನ್ನೆ."

ಕೆಳಗೆ ಇಳಿದು ಹೋಗಬೇಕು ಎಂದು ಅವಳ ಮನಸ್ಸು ಕೂಗಿತು. ಕಾಲು ಕೇಳಲಿಲ್ಲ. ಅವನು ಗಂಟೆ ಬಾರಿಸಿ ಹೊರಟುಹೋದ ಮೇಲೆ, ಫೋಟೊ ಹಿಡಿದು ತುಂಬ ಹೊತ್ತು ಕುಳಿತಿದ್ದಳು. ಕೊನೆಗೆ ಕುಂಚ, ಶಾಯಿ ಎತ್ತಿಕೊಂಡು ಹಸಿಂತೊನ ಅಂಗಡಿಗೆ ಹೊರಟಳು.

ಓತಿಲಿಯಾ ಅಪ್ಪಣೆ ಮಾಡಿ ಸುಮ್ಮನಿರುವವರಲ್ಲ. ಮಧ್ಯಾಹ್ನದ ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಮೊಮ್ಮಗನನ್ನು ಹಿಂದಿಟ್ಟುಕೊಂಡು ಬಂದರು. ಎಡೆಯ ಮುಂದೆ ಓದುಗರು ಗುಂಪುಗೂಡಿದ್ದರು. ಚಿತ್ರ ಇನ್ನೂ ಅಲ್ಲೇ ಇತ್ತು.

"ತೆಗೆದಿಲ್ಲ ನೀನು," ಎಂದರು ಅಜ್ಜಿ.

"ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು." ನೊಯೆಮಿ ಅವರ ಕೈಗೆ ಫೋಟೊ ಕೊಟ್ಟಳು. "ನೀವು ಹೂಂ ಅಂದ್ರೆ ಇವರ ಮೀಸೆ ಅಲ್ಲಿ ಬರೀತೀನಿ. ಕೆಳಗೆ ಹೆಸರು ಬರೀತೀನಿ. ಇಲ್ಲಾಂದ್ರೆ ಈಗಲೇ ಚಿತ್ರ ಇಳಿಸ್ತೀನಿ, ದೋನ್ಯಾ."

ಎಫ್ರಾಯಿನ್ ಒಂದು ಹೆಜ್ಜೆ ಹಿಂದೆ ಸರಿದ. ಪೆಟ್ಟಿಗೆಯಿಂದ ಫೋಟೊ ಕದ್ದದ್ದು ಅವನು. ಆದರೆ ಅಜ್ಜಿ ಅವನ ಕಡೆ ನೋಡಲೇ ಇಲ್ಲ. ಫೋಟೊ ನೋಡಿದರು, ಚಿತ್ರ ನೋಡಿದರು, ಬಾಚಣಿಗೆಯನ್ನು, ಕನ್ನಡಕವನ್ನು ನೋಡಿದರು. ಅವರೇ ಒಂದು ಕುರ್ಚಿ ಎಳೆದುಕೊಂಡು ಕುಳಿತರು.

"ಎಡಗಡೆ ಮೀಸೆ ಸ್ವಲ್ಪ ಗಿಡ್ಡ ಬರಿ," ಎಂದರು. "ಒಲೆಗೆ ಬಗ್ಗಿ ಬಗ್ಗಿ ಆ ಕಡೇದು ಯಾವಾಗಲೂ ಸುಟ್ಟಿರೋದು."

ನೊಯೆಮಿ ಕುಂಚ ಅದ್ದಿದಳು. ಹೇಳಿದಂತೆ ಬರೆದಳು, ಎಡಗಡೆ ಗಿಡ್ಡ, ಬಲಗಡೆ ಉದ್ದ. ನೋಡುತ್ತಿದ್ದಂತೆ ತದೇಯೊ ಫಿದೆನ್ಸಿಯೊ ಆದ. ಅಜ್ಜಿ ಮೊದಲು ನಕ್ಕರು, ಆಮೇಲೆ ಏಪ್ರನ್‌ನಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತರು. ಆಗಸ್ಟ್‌ನಿಂದ ತಡೆದಿಟ್ಟಿದ್ದ ಅಳು. ಬಾಚಣಿಗೆಯ ಹುಡುಗಿ ಬಂದು ಅವರ ಪಕ್ಕ ಕುಳಿತಳು. ಅಷ್ಟರಲ್ಲಿ ಚರ್ಚಿನ ಗಂಟೆ ಶುರುವಾಯಿತು. ಎಫ್ರಾಯಿನ್ ತಾತನ ಮುಂದೆ ಬಿಸಿ ಬ್ರೆಡ್ ಇಟ್ಟ.

ಆಮೇಲೆ ಇಬ್ಬರೂ ಅಂಗಡಿಯ ಹೊರಗೆ ಬಂದು ನಿಂತರು. ಎದುರುಬದುರು ನಿಂತು ಅಭ್ಯಾಸವಿಲ್ಲದವರು. ಕತ್ತು ಎಷ್ಟು ಎತ್ತಬೇಕು, ಎಷ್ಟು ಬಗ್ಗಿಸಬೇಕು ಎಂದು ಇಬ್ಬರಿಗೂ ತಿಳಿಯಲಿಲ್ಲ.

"ಮುಂದಿನ ಪುಸ್ತಕದಲ್ಲಿ ಏನಾಗತ್ತೆ?" ಎಂದು ಅವನು ಕೇಳಿದ.

"ತದೇಯೊ ಬರಲ್ಲ. ಬೂದಿನೂ ನಿಲ್ಲಲ್ಲ." ಅವಳು ಬೆರಳಿನ ಶಾಯಿ ಉಜ್ಜಿಕೊಂಡಳು. "ಬುಟ್ಟಿ ಇಳಿಸ್ತಿದ್ದವಳು ಬಾಗಿಲು ತೆಗೆದು ಹೊರಗೆ ಬರ್ತಾಳೆ."

"ಯಾಕೆ?"

"ಒಂದು ಮುಖ ನೋಡಿ ನೋಡಿ ಪ್ರೀತಿ ಆಗಿಬಿಟ್ಟಿತ್ತು ಅವಳಿಗೆ. ಅದನ್ನ ಅವನು ಬದುಕಿದ್ದಾಗ ಹೇಳಲೇ ಇಲ್ಲ. ಇನ್ನು ಮೇಲೆ ಹಾಗೆ ಮಾಡಲ್ಲ."

ಅವನ ಕಿವಿ ಕೆಂಪಾದವು. ಮನೆತನದ ಆಸ್ತಿಯಲ್ಲವೇ, ಏನನ್ನೂ ಮುಚ್ಚಿಡಲು ಬಿಡುವುದಿಲ್ಲ.

"ನಾಳೆ ಬೆಳಿಗ್ಗೆ ಬರ್ತೀನಿ. ಬುಟ್ಟಿ ಇಳಿಸ್ತೀರಲ್ಲ?"

"ಇಲ್ಲ. ನಾನೇ ಇಳಿದು ಬರ್ತೀನಿ."

"ಹಾಗಾದ್ರೆ ಕೊಸರು ಎಲ್ಲಿಡಲಿ?"

ನೊಯೆಮಿ ಶಾಯಿ ಮೆತ್ತಿದ ಅಂಗೈ ಚಾಚಿದಳು.

"ಇಲ್ಲಿ."