ಆಮೆ ಮೇಷ್ಟ್ರು ಕಾಯುತ್ತಾರೆ

"ನಿನ್ನ ಹೆಸರೇನು ಮರಿ?" ಶಿಶುವಿಹಾರದ ಟೀಚರ್ ಬಗ್ಗಿ ಕೇಳಿದರು.

"ಗುಂಡು ಅಂತ ಕರೀತೀವಿ ಮಿಸ್," ಎಂದಳು ಅವನ ಅಕ್ಕ ಪಟಪಟಿ.

ಟೀಚರ್ ಕೆಂಪು ಬ್ಲಾಕೊಂದನ್ನು ಎತ್ತಿ ಹಿಡಿದರು. "ಇದು ಯಾವ ಬಣ್ಣ?"

"ಅವನಿಗೆ ಎಲ್ಲಾ ಕಲರ್ಸೂ ಗೊತ್ತು ಮಿಸ್. ಕೆಂಪು ಅಂದ್ರೆ ಪ್ರಾಣ," ಎಂದರು ಅಮ್ಮ.

"ಊಟ ತಾನೇ ಮಾಡ್ತಾನಾ?"

"ಮಾಡ್ತಾನೆ. ಅರ್ಧ ಬಾಯಿಗೆ, ಅರ್ಧ ನೆಲಕ್ಕೆ." ಇದೂ ಪಟಪಟಿಯೇ.

ಮೂರು ವರ್ಷದ ಗುಂಡು ಅಮ್ಮನ ಬ್ಯಾಗಿನ ಜಿಪ್ ಎಳೆಯುತ್ತ ನಿಂತಿದ್ದ.

"ಇವನ ದನಿ ಕೇಳ್ಬೇಕಿತ್ತಲ್ಲ," ಎಂದರು ಟೀಚರ್. "ಶುಕ್ರವಾರ ಇನ್ನೊಂದ್ಸಲ ಕರ್ಕೊಂಡು ಬನ್ನಿ. ಆಗ್ಲೂ ಮಾತಾಡದಿದ್ರೆ ಮುಂದಿನ ವರ್ಷ ನೋಡೋಣ."

ದಾರಿಯುದ್ದಕ್ಕೂ ಅಮ್ಮನಿಗೆ ಅದೇ ಚಿಂತೆ. ಮುಂದಿನ ತಿಂಗಳಿಂದ ಅವರಿಗೆ ದೊಡ್ಡ ಟೈಲರ್ ಅಂಗಡಿಯಲ್ಲಿ ಕೆಲಸ. ಕತ್ತರಿ, ಸೂಜಿ, ಕಾದ ಇಸ್ತ್ರಿಪೆಟ್ಟಿಗೆಗಳ ನಡುವೆ ಗುಂಡುವನ್ನು ಕೂರಿಸುವುದು ಎಲ್ಲಿ?

"ನಾನು ಟ್ರೇನಿಂಗ್ ಕೊಡ್ತೀನಿ ಬಿಡಮ್ಮ," ಎಂದಳು ಪಟಪಟಿ. ಅರಳು ಹುರಿದಂತೆ ಮಾತಾಡುವವಳು ಅವಳು. ಆ ಹೆಸರು ಸುಮ್ಮನೆ ಬಂದದ್ದಲ್ಲ.

ಮನೆಗೆ ಬಂದವಳೇ ಶುರು ಮಾಡಿದಳು. "ಹೆಸರೇನು? ಹೇಳು. ಹೇಳೋ. ಗುಂಡು ಅನ್ನು. ಅನ್ನೋ ಮಾರಾಯ."

ಗುಂಡು ಹೊಲಿಗೆ ಮಷಿನ್ನಿನ ಅಡಿಗೆ ನುಸುಳಿ ಬಟ್ಟೆ ಚೂರುಗಳನ್ನು ಆರಿಸತೊಡಗಿದ. ಸ್ವಲ್ಪ ಹೊತ್ತಿಗೆ ನೀರಿನ ಬಾಟಲಿಯತ್ತ ನೋಡಿದ. ಅವನ ಬಾಯಿ ತೆರೆಯುವ ಮೊದಲೇ ಪಟಪಟಿ ಬಾಟಲಿ ತಂದು ಕೊಟ್ಟಳು. ತಮ್ಮನ ಕಣ್ಣು ಓದುವುದರಲ್ಲಿ ಅವಳು ಫಸ್ಟ್ ರ‍್ಯಾಂಕ್.

ಸಂಜೆ ಟಿವಿಯಲ್ಲಿ ಆಮೆ ಮೇಷ್ಟ್ರು ಬಂದರು. ಹಸಿರು ಬಟ್ಟೆಯ ಬೊಂಬೆ, ಮೂಗಿನ ಮೇಲೆ ಕನ್ನಡಕ. ದಿನವೂ ಅಮ್ಮನ ಮಷಿನ್ ಕಟಕಟ ಎನ್ನುವಾಗ ಗುಂಡು ಒಬ್ಬನೇ ಕೂತು ನೋಡುವ ಕಾರ್ಯಕ್ರಮ ಅದು. ಇವತ್ತು ಅಮ್ಮ ಮಷಿನ್ ಮುಟ್ಟಿರಲಿಲ್ಲ. ಪಟಪಟಿಯೂ ತಮ್ಮನ ಪಕ್ಕ ಕೂತಳು.

*ಬುಟ್ಟಿಯೊಳಗೆ ಯಾರಪ್ಪಾ,*
*ಬಣ್ಣ ಹೇಳಿ ನೋಡಪ್ಪಾ…*

ಮೇಷ್ಟ್ರು ನಿಧಾನವಾಗಿ ಒಂದು ಚೆಂಡು ತೆಗೆದರು. "ಇದು ಯಾವ ಬಣ್ಣ?"

"ಹಳದಿ," ಎಂದಳು ಪಟಪಟಿ ತಟ್ಟನೆ.

ಗುಂಡು ಅವಳತ್ತ ತಿರುಗಿದ. ಬಿಸ್ಕತ್ತಿನ ಪುಡಿ ಮೆತ್ತಿದ ಅಂಗೈಯನ್ನು ಅವಳ ಬಾಯಿಯ ಮೇಲಿಟ್ಟು ಗಟ್ಟಿಯಾಗಿ ಒತ್ತಿದ.

ಟಿವಿಯಲ್ಲಿ ಮೇಷ್ಟ್ರು ಇನ್ನೂ ಸುಮ್ಮನೆ ನೋಡುತ್ತಿದ್ದರು. ಒಮ್ಮೆ ಕಣ್ಣು ಮಿಟುಕಿಸಿದರು. ಹಾಡಿಲ್ಲ, ಮಾತಿಲ್ಲ. ಅವರು ಮತ್ತೊಮ್ಮೆ ಕಣ್ಣು ಮಿಟುಕಿಸಿದರು.

"ಹಳದಿ," ಎಂದ ಗುಂಡು, ಮೆಲ್ಲಗೆ, ಮೇಷ್ಟ್ರಿಗೆ ಮಾತ್ರ ಕೇಳುವಷ್ಟು.

"ಹೌದು, ಹಳದಿ," ಎಂದರು ಮೇಷ್ಟ್ರು.

ಪಟಪಟಿ ಉಸಿರು ಬಿಗಿಹಿಡಿದಳು. ಪುಟ್ಟ ಅಂಗೈ ಇನ್ನೂ ಅವಳ ಬಾಯಿಯ ಮೇಲೇ ಇತ್ತು. ಅವಳು ಅದನ್ನು ತೆಗೆಯಲಿಲ್ಲ.

ಶುಕ್ರವಾರ ಟೀಚರ್ ಮತ್ತೆ ಕೆಂಪು ಬ್ಲಾಕ್ ಎತ್ತಿದರು. "ಇದು ಯಾವ ಬಣ್ಣ ಮರಿ?"

ಗುಂಡು ಜಿಪ್ ಎಳೆದ. ಅಮ್ಮ ಬಾಯಿ ತೆರೆದರು. ಪಟಪಟಿ ಅವರ ಕೈಯನ್ನು ಹಿಡಿದು ಒತ್ತಿದಳು. ಅಮ್ಮ ಬಾಯಿ ಮುಚ್ಚಿದರು.

ಫ್ಯಾನ್ ತಿರುಗುತ್ತಿತ್ತು. ಪಟಪಟಿಯ ನಾಲಿಗೆಯ ತುದಿಯಲ್ಲಿ 'ಕೆಂಪು' ಕುಣಿಯುತ್ತಿತ್ತು. ಅವಳು ಹಲ್ಲು ಕಚ್ಚಿ, ತಮ್ಮನನ್ನೇ ನೋಡುತ್ತ ನಿಧಾನವಾಗಿ ಕಣ್ಣು ಮಿಟುಕಿಸಿದಳು. ಮತ್ತೊಮ್ಮೆ ಮಿಟುಕಿಸಿದಳು.

"ಕೆಂಪು," ಎಂದ ಗುಂಡು.

"ಹೌದಲ್ಲ, ಕೆಂಪು. ತಗೋ."

"ಬೇಡ. ನೀಲಿ ಕೊಡಿ."

ಅಮ್ಮ ತಬ್ಬಿಬ್ಬಾದರು. ಕೆಂಪು ಅಂದರೆ ಪ್ರಾಣ ಎಂದು ಹೇಳಿದವರು ಅವರೇ.

"ನಾಳೆ ನೀಲಿ ತುಂಬಾ ಕೊಡ್ತೀನಿ. ಬರ್ತೀಯಾ?" ಎಂದು ಟೀಚರ್ ನಕ್ಕರು. ಗುಂಡು ಯೋಚಿಸಿ, ಹೂಂ ಎಂಬಂತೆ ತಲೆಯಾಡಿಸಿದ.

ಮನೆಯ ಹತ್ತಿರ ಸೈಕಲ್ ರಿಪೇರಿ ತಾತ ಟ್ಯೂಬಿಗೆ ಗಾಳಿ ಹಾಕುತ್ತಿದ್ದರು. "ಏನಪ್ಪಾ ಸಾಹೇಬ, ಎಲ್ಲಿಗೆ ಹೋಗಿದ್ರಿ?" ಎಂದು ಗುಂಡುವನ್ನು ಕೇಳಿದರು.

ಪಟಪಟಿಯ ಬಳಿ ಹೇಳಲು ಬೆಟ್ಟದಷ್ಟಿತ್ತು. ಅವಳು ಬಗ್ಗಿ, ಬಿಚ್ಚಿಕೊಂಡಿರದ ತನ್ನ ಶೂ ಲೇಸನ್ನು ಬಿಚ್ಚಿ, ಮತ್ತೆ ನಿಧಾನವಾಗಿ ಕಟ್ಟತೊಡಗಿದಳು.