ಮಡಚಿ ಕಟ್ಟಿದ ಹಾಯಿ

ಪಂಪಾವತಿ ಮೊದಲ ಸಲ ಬಳ್ಳಾರಿಯ ನಮ್ಮ ಜೀನ್ಸ್ ಯೂನಿಟ್ಟಿಗೆ ಬಿಳಿ ಬಟ್ಟೆಯ ದೊಡ್ಡ ಗಂಟು ಹೊತ್ತು ಬಂದಾಗ, ಶಾಮಿಯಾನ ಹೊಲಿಸಲು ಬಂದವಳೆಂದುಕೊಂಡೆ. ಯಾರ ಮದುವೆ, ಎಲ್ಲಿ ಎಂದೆಲ್ಲ ವಿಚಾರಿಸಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ತುಟಿಯ ಒಂದೇ ತುದಿಯಲ್ಲಿ ನಕ್ಕಳು.

"ಮದುವಿಗಲ್ರಿ. ಸಮುದ್ರಕ್ಕ."

ಅದು ಹಾಯಿ. ಅಷ್ಟು ದಪ್ಪ ಬಟ್ಟೆಯೊಳಗೆ ಸೂಜಿ ಇಳಿಯುವುದು ಡೆನಿಮ್ ಹೊಲಿಯುವ ಮಷಿನ್ನಿಗೆ ಮಾತ್ರ ಎಂದು ಯಾರೋ ಹೇಳಿ ಕಳಿಸಿದ್ದರಂತೆ. ಸಿರಿಗೇರಿಯ ಎರ್ರೆಪ್ಪನ ಮಗಳು, ಕಾಲುವೆಯಲ್ಲಿ ಈಜು ಕಲಿತವಳು, ಈಗ ಕಾರವಾರದಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಾಳೆ. ಹಳೆಯ ದೋಣಿಯೊಂದನ್ನು ಕೊಂಡು, ನಮ್ಮ ಸೀಮೆಯ ಹೊಳೆಯ ಹೆಸರನ್ನೇ ಅದಕ್ಕಿಟ್ಟಿದ್ದಳು: ಹಗರಿ. ಹಾಯಿಯ ಹೊಲಿಗೆ ಮುಗಿಯುವ ಹೊತ್ತಿಗೆ ನಾನೂ ಮುಗಿದಿದ್ದೆ.

ಹಾಯಿ ಮುಟ್ಟಿಸುವ ನೆಪದಲ್ಲಿ ಕಾರವಾರಕ್ಕೆ ಹೋದವನು, ಮತ್ತೆ ಮತ್ತೆ ಹೋಗಿ ಅವಳ ಹತ್ತಿರವೇ ದೋಣಿ ಕಲಿತೆ. ಅವಳ ಜೊತೆ ಆಫ್ರಿಕಾದ ತುದಿಯವರೆಗೆ ಹೋಗಬೇಕಿದ್ದ ಗೆಳತಿ ಸುನಂದಾಗೆ ರಜೆ ಸಿಗದಿದ್ದಾಗ, ಮಾರಿಷಸ್ಸಿನವರೆಗೆ ನಾನು ಬರುತ್ತೇನೆ ಎಂದೆ. ಅಲ್ಲಿ ನಾನು ಇಳಿಯುವುದು, ಸುನಂದಾ ಹತ್ತುವುದು ಎಂದು ಮಾತಾಯಿತು. ಕುರುಗೋಡಿನಲ್ಲಿ ನಮ್ಮವ್ವ ವೀರಭದ್ರಮ್ಮ ಖಡಕ್ ರೊಟ್ಟಿಯ ಡಬ್ಬಿಗಳನ್ನು ಕಟ್ಟಿಕೊಟ್ಟು, ನೀರು ಕಂಡರೆ ಹೆದರುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಏನಾಯಿತು ಎಂದು ಕೇಳಿದಳು. ನಾನು ಡಬ್ಬಿ ಎತ್ತಿಕೊಂಡು ಹೊರಟೆ.

ದಂಡೆ ಇನ್ನೂ ಕಾಣುತ್ತಿರುವಾಗಲೇ ಪಂಪಾವತಿ ಒಂದು ಷರತ್ತು ಹಾಕಿದಳು. ನನ್ನ ಮುಖ ಏನನ್ನೂ ಮುಚ್ಚಿಟ್ಟುಕೊಳ್ಳುವ ಮುಖವಲ್ಲ.

"ಮುಂದಿನ ದಂಡಿ ಸಿಗೋತನಕ ಮನಸಿನ ಮಾತು ಬ್ಯಾಡ್ರಿ. ಒಬ್ಬರು ಒಲ್ಲೆ ಅಂದ್ರ, ಇನ್ನೊಬ್ಬರು ಎದ್ದು ಹೋಗಾಕ ಇಲ್ಲಿ ಜಾಗ ಇಲ್ಲ."

ನ್ಯಾಯವಾದ ಮಾತು. ನಮ್ಮ ಇಡೀ ಲೋಕ ಒಂದು ಲಾರಿಯಷ್ಟು ಉದ್ದವಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ದೋಣಿಯಲ್ಲಿ ಇಬ್ಬರೇ ಇದ್ದರೆ ಸದಾ ಜೊತೆಗಿರುತ್ತಾರೆ ಎಂದು ಊರಲ್ಲಿ ಕೂತವರು ಅಂದುಕೊಳ್ಳಬಹುದು. ಸುಳ್ಳು. ಒಬ್ಬರು ಎಚ್ಚರವಿದ್ದು ದಾರಿ ನೋಡಬೇಕು, ಇನ್ನೊಬ್ಬರು ಮಲಗಬೇಕು. ನಾನು ಏಳುವಾಗ ಅವಳು ಮಲಗುತ್ತಿದ್ದಳು. ಹೊರಳಿ ಬೀಳದೆ ಮಲಗಲು ಇದ್ದದ್ದು ಒಂದೇ ಹಾಸಿಗೆ, ಒಂದೇ ಕೌದಿ. ನಾನು ಹೊದ್ದುಕೊಂಡಾಗ ಅದರಲ್ಲಿ ಅವಳ ಮೈಯ ಬಿಸಿ ಇನ್ನೂ ಇರುತ್ತಿತ್ತು. ಎಲ್ಲಿಯ ನಿದ್ದೆ!

ಹಾಗಾಗಿ ಪಾಳಿ ಬದಲಾಗುವ ಹೊತ್ತೇ ನನಗೆ ಹಬ್ಬ. ಚಹಾ ಲೋಟ ಕೈ ಬದಲಿಸುವಾಗ ಬೆರಳು ತಾಗುತ್ತಿತ್ತು. ಉಪ್ಪುಗಾಳಿಗೆ ಬಿರುಸಾದ ಕೂದಲನ್ನು ಭುಜದಿಂದ ಸರಿಸುತ್ತ, ಚುಕ್ಕಾಣಿಯನ್ನು ಮೊಣಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಉಳ್ಳಾಗಡ್ಡಿ ಹೆಚ್ಚುವವಳನ್ನು ನಾನು ಬೇರೆಲ್ಲೂ ನೋಡಿಲ್ಲ. ಒಂದು ಹಿಡಿ ಗಾಳಿಯನ್ನೂ ಅವಳು ದಂಡ ಮಾಡುತ್ತಿರಲಿಲ್ಲ. ನಿದ್ದೆಯಲ್ಲಿದ್ದರೂ ಹಾಯಿ ಪಟಪಟ ಅಂದರೆ ಎದ್ದು ಬಂದು, ಹಗ್ಗವನ್ನು ಚೂರು ಬಿಗಿದು, ನನ್ನತ್ತ ಒಂದು ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಹೋಗಿ ಮಲಗುತ್ತಿದ್ದಳು. ಆ ನೋಟಕ್ಕಾಗಿ ಹಗ್ಗವನ್ನು ಬೇಕೆಂದೇ ಸಡಿಲ ಬಿಟ್ಟದ್ದೂ ಉಂಟು.

ಬೆಳಗಾದರೆ ಹಾರುಮೀನುಗಳು ಡೆಕ್ಕಿನ ಮೇಲೆ ಬಂದು ಬಿದ್ದಿರುತ್ತಿದ್ದವು. ಅವಳಿಗೆ ಮೀನೆಂದರೆ ಪ್ರಾಣ. ನಾನು ಲಿಂಗ ಕಟ್ಟಿದವನು. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ನಾನು ಪೂಜೆಗೆ ಕೂತಷ್ಟು ಹೊತ್ತು ಅವಳು ಒಲೆ ಮುಟ್ಟುತ್ತಿರಲಿಲ್ಲ. ಆಮೇಲೆ ಹುರಿದುಕೊಂಡು, ವಾಸನೆ ನನ್ನ ಕಡೆ ಬಾರದ ಜಾಗ ನೋಡಿ ಕೂತು ತಿನ್ನುತ್ತಿದ್ದಳು. ಸಿಹಿನೀರನ್ನು ಅಳೆದು ಕುಡಿಯುವ ದೋಣಿಯಲ್ಲಿ ಪೂಜೆಯ ನೀರಿಗೆ ಒಂದು ದಿನವೂ ಬೇಡ ಎನ್ನಲಿಲ್ಲ. ಅದನ್ನು ನನ್ನ ಪಾಲಿನಲ್ಲಿ ಕಳೆಯಿರಿ ಎಂದದ್ದಕ್ಕೆ ಬೈದಳು.

ಮಳೆಮೋಡ ಕಂಡರೆ ಮೊದಲು ಹಾಯಿಯ ಕೆಳಭಾಗವನ್ನು ಮಡಚಿ ಕಟ್ಟಬೇಕು. ಹಾಯಿ ಚಿಕ್ಕದಾದರೆ ಬಿರುಗಾಳಿಗೆ ಹಿಡಿತ ಸಿಗುವುದಿಲ್ಲ. ಇದು ಅವಳು ಕಲಿಸಿದ ಮೊದಲನೇ ಪಾಠ. ಆದರೆ ಭೂಮಧ್ಯರೇಖೆ ದಾಟಿದ ಮೇಲೆ ಒಂದು ಮಧ್ಯಾಹ್ನ ಮೋಡ ಕರ್ರಗೆ ಕವಿದಾಗ, ಬಳ್ಳಾರಿ ಸೀಮೆಯವರು ಏನು ಮಾಡುತ್ತಾರೋ ನಾವಿಬ್ಬರೂ ಅದನ್ನೇ ಮಾಡಿದೆವು. ಕೊಡ, ಬಕೆಟ್ಟು, ಕುಕ್ಕರು ಹೊತ್ತು ಹೊರಗೆ ಓಡಿದೆವು! ಮೊದಲ ಹನಿಗಳು ಬಿದ್ದಾಗ ನಮ್ಮ ಕ್ಯಾಪ್ಟನ್ ಎರಡೂ ಕೈ ಚಾಚಿ, ಮುಖ ಮೇಲೆತ್ತಿ, ಬಾಯಿ ತೆರೆದು ನಿಂತಿದ್ದಳು. ನಾನು ಮಳೆಯನ್ನು ನೋಡಲಿಲ್ಲ, ಅವಳನ್ನು ನೋಡಿದೆ. ಅಷ್ಟರಲ್ಲಿ ಗಾಳಿ ಬಂದು ದೊಡ್ಡ ಹಾಯಿಯನ್ನು ಈ ಕೊನೆಯಿಂದ ಆ ಕೊನೆಗೆ ಸೀಳಿಬಿಟ್ಟಿತು.

ಮಳೆ ನಿಂತ ಮೇಲೆ ಅವಳು ಮೂಲೆಯಲ್ಲಿ ಕೂತು ತನ್ನನ್ನೇ ಬೈದುಕೊಂಡಳು. ಕಲಿಯಲು ಬರುವ ಮಕ್ಕಳೂ ಇಂಥ ತಪ್ಪು ಮಾಡುವುದಿಲ್ಲವಂತೆ. ಮಳೆ ಬಂದಾಗ ಕೊಡ ಹುಡುಕದವರನ್ನು ನಮ್ಮೂರಲ್ಲಿ ಹುಚ್ಚರು ಅಂತಾರೆ ಎಂದೆ. ಒದ್ದೆ ಕಣ್ಣಲ್ಲೇ ನಕ್ಕಳು.

ಹೊಲಿಗೆ ನನ್ನ ಪಾಲಿಗೆ ಬಂತು. ಅಂಗೈಗೆ ಚರ್ಮದ ಪಟ್ಟಿ ಬಿಗಿದುಕೊಂಡು, ಜೀನ್ಸಿನ ಅಂಚಿನ ಹಾಗೆ ಒಳಮಡಚಿ, ಎರಡೆರಡು ಸಾಲು ಹಾಕತೊಡಗಿದೆ. ಅವಳು ಎದುರು ಕೂತು ಬಟ್ಟೆ ಹಿಡಿದಳು. ಮುಂದಿನ ಚಿಕ್ಕ ಹಾಯಿಯೊಂದರಿಂದಲೇ ದೋಣಿ ತೆವಳುತ್ತಿತ್ತು. ಹೊಲಿಗೆ ಮುಗಿದರೆ ಮಾರಿಷಸ್ಸು ಹತ್ತಿರವಾಗುತ್ತದೆ, ನಾನು ಇಳಿಯಬೇಕಾಗುತ್ತದೆ. ಸೂಜಿ ತಾನಾಗಿಯೇ ನಿಧಾನವಾಯಿತು. ಹೀಗೆ ಹೊಲಿದರೆ ಯೂನಿಟ್ಟಿಗೆ ಯಾವತ್ತೋ ಬೀಗ ಬೀಳುತ್ತಿತ್ತು ಎಂದು ಅವಳು ಕೆಣಕಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಅವಸರದಲ್ಲಿ ಬೆರಳಿಗೆ ಸೂಜಿ ಚುಚ್ಚಿಕೊಂಡೆ. ಆ ಬೆರಳನ್ನು ತನ್ನ ಓಢಣಿಯ ತುದಿಯಿಂದ ಒತ್ತಿ ಹಿಡಿದವಳು, ರಕ್ತ ನಿಂತ ಮೇಲೂ ಬಿಡಲಿಲ್ಲ. ನಾನೂ ನೆನಪು ಮಾಡಲಿಲ್ಲ.

ಕೊನೆಗೆ ಹಾಯಿ ಏರಿತು. ಆದರೆ ಕೆಳಭಾಗ ಮಡಚಿ ಕಟ್ಟಿಯೇ ಏರಿಸಿದಳು. ಆಕಾಶ ಶುಭ್ರವಾಗಿತ್ತು, ಗಾಳಿ ಮೃದುವಾಗಿತ್ತು. ಮರುದಿನವೂ ಹಾಗೇ. ನನ್ನ ಕೆಲಸವನ್ನು ನಂಬುತ್ತಿಲ್ಲ ಎಂದು ಮನಸ್ಸಿಗೆ ಕಸಿವಿಸಿಯಾಗಿ ಕೇಳಿಯೇಬಿಟ್ಟೆ.

"ನನ್ನ ಹೊಲಿಗಿ ಮ್ಯಾಲ ನಂಬಿಕಿ ಇಲ್ಲೇನ್ರಿ?"

"ಹೊಲಿಗಿ ಗಟ್ಟಿ ಐತಿ."

"ಗಾಳಿನೂ ಮೆತ್ತಗೈತಿ. ಮತ್ತ ಪೂರ್ತಿ ಎತ್ತಬಹುದಲ್ಲ?"

"ಎತ್ತಬಹುದು," ಎಂದಳು. ಎತ್ತಲಿಲ್ಲ. ನೋಡುವ ಅಗತ್ಯವೇ ಇಲ್ಲದ ದಿಕ್ಸೂಚಿಯನ್ನು ಬಗ್ಗಿ ನೋಡತೊಡಗಿದಳು. ಅವಳ ಕಿವಿ ಕೆಂಪಾಗಿತ್ತು.

ಹಿಡಿ ಗಾಳಿಯನ್ನೂ ದಂಡ ಮಾಡದವಳು ಇಷ್ಟೊಂದು ಗಾಳಿಯನ್ನು ಸುಮ್ಮನೆ ಬಿಟ್ಟುಕೊಡುತ್ತಿದ್ದಳು. ನನಗೆ ಆಗ ಹೊಳೆಯಿತು. ಹೊಳೆದದ್ದು ತಪ್ಪಾಗಿದ್ದರೆ ಉಳಿದ ದಾರಿಯೆಲ್ಲ ಅವಳ ಮುಖ ನೋಡಲಾಗದೆ ಸಾಯಬೇಕಿತ್ತು. ಆದರೂ ಬಾಯಿಬಿಟ್ಟೆ.

"ಷರತ್ತು ಮುರೀತೀನ್ರಿ. ನನಗ ಮಾರಿಷಸ್ಸಿನ್ಯಾಗ ಇಳಿಯಾಕ ಮನಸಿಲ್ಲ. ನೀವಿದ್ದಲ್ಲಿ ಇರಬೇಕು ಅನಸ್ತೈತಿ. ನೀರಿನ ಮ್ಯಾಲೂ, ಊರಾಗೂ."

ಅವಳು ದಿಕ್ಸೂಚಿಯಿಂದ ತಲೆ ಎತ್ತದೆಯೇ ಕೇಳಿದಳು.

"ಸಿರಿಗೇರಿ ನಾಯಕರ ಹುಡುಗಿ, ಮೀನು ತಿನ್ನಾಕಿ. ಕುರುಗೋಡಿನ್ಯಾಗ ನಿಮ್ಮವ್ವ ಏನಂತಾರ?"

ಸ್ವಲ್ಪ ದಿನ ಮಾತು ಬಿಡುತ್ತಾಳೆ, ಆಮೇಲೆ ರೊಟ್ಟಿ ಸಾಕಾದವೇನು ಎಂದು ಕೇಳುತ್ತಾಳೆ ಎಂದೆ. ನಿಮ್ಮಪ್ಪ ಏನಂತಾರೆ ಎಂದು ಕೇಳಿದೆ. ಅಪ್ಪ ಬೈದು ಸುಮ್ಮನಾಗುತ್ತಾನೆ, ಸಮುದ್ರಕ್ಕೆ ಹೊರಟಾಗಲೂ ಹಾಗೇ ಮಾಡಿದ್ದ ಎಂದಳು. ಆಮೇಲೆ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಬರಬ್ಯಾಡ ಅಂತ ಸುನಂದಾಗ ಮಳಿ ಬಂದ ದಿನಾನ ಸ್ಯಾಟಲೈಟ್ ಫೋನಿನ್ಯಾಗ ಮೆಸೇಜ್ ಹಾಕೀನಿ. ನೀ ಇಳಿದ್ರ ಅಲ್ಲಿಂದ ಮುಂದ ನಾ ಒಬ್ಬಾಕಿನ. ಅದಕ್ಕ ದಂಡಿ ಬರೋದು ಬ್ಯಾಡಾಗಿತ್ತು."

ಅವಳು ಎದ್ದು, ಮಡಚಿ ಕಟ್ಟಿದ್ದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಹಗ್ಗದ ತುದಿಯನ್ನು ನನ್ನ ಕೈಗಿಟ್ಟಳು.

"ಈಗ ಎಳಿ. ಪೂರ್ತಿ."

ನಾನು ಎಳೆದೆ. ಹಾಯಿ ತುಂಬಿಕೊಂಡು ದೋಣಿ ಮುಂದಕ್ಕೆ ಜಿಗಿಯಿತು, ಅವಳು ಬಂದು ನನ್ನ ಹೆಗಲಿಗೆ ಒರಗಿ ನಿಂತಳು. ಮಾರಿಷಸ್ಸು ಬೇಗ ಬರಲಿ ಎಂದು ಆವತ್ತು ಮೊದಲ ಸಲ ಅನಿಸಿತು.