ಜನವರಿಯಲ್ಲಿ ಉಕ್ಕಿದ ಹಿಟ್ಟು

"ನಾನು ತುಂಬಿಸಿದ್ದಲ್ಲ ಹರಿಣಕ್ಕ, ದೇವರಾಣೆ! ಆದ್ರೆ ಒಬ್ಬರೂ ನಂಬುದಿಲ್ಲ," ಎಂದು ಚೆನ್ನಯಣ್ಣ ಬಾಗಿಲಲ್ಲೇ ಕುಸಿದು ಕೂತರು.

ಕಳವಾ ಎಂಬ ಊರಿನ ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ. ಆದರೂ ಯಾರಿಗೆ ಆಪತ್ತು ಬಂದರೂ ಹತ್ತಿ ಬರುವುದು ಹರಿಣಾಕ್ಷಿಯವರ ಮನೆಗೆ. ಮೂವತ್ತು ವರ್ಷ ಸುಟ್ಟಗಾಯದ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ನಿವೃತ್ತಿಯ ಮೇಲೆ ಕಳುವಾದ ಸರ, ಕಾಣೆಯಾದ ಗಂಡ ಎಲ್ಲ ಅವರ ಪಾಲಿಗೆ. ಅವರ ಹಿಂದೆ ಮೆಟ್ಟಿಲು ಹತ್ತಿಳಿಯುವುದು ನನ್ನ ಪಾಲಿಗೆ. ನನ್ನ ಮೊಣಕಾಲಿನ ಕಷ್ಟ ಕೇಳುವವರು ಯಾರೂ ಇಲ್ಲ. ಸಾಕಪ್ಪಾ ಸಾಕು ಅನ್ನಿಸಿತ್ತು ನನಗೆ.

"ಯೋಗೀಶಣ್ಣ, ನಡೀರಿ," ಎಂದರು ಹರಿಣಕ್ಕ ನನ್ನತ್ತ ತಿರುಗಿ. ಅವರ ದನಿಯಲ್ಲೂ ಅದೇ ದಣಿವಿತ್ತು.

ನಡೆದದ್ದು ಇಷ್ಟು. ಚೆನ್ನಯಣ್ಣನ ತಂಗಿಯ ಮಗಳು ರಮಿತಾ ಎರಡನೇ ಮಹಡಿಯಲ್ಲಿ ದೋಸೆ ಹಿಟ್ಟು ರುಬ್ಬಿ ಹೋಟೆಲುಗಳಿಗೆ ಕೊಡುತ್ತಿದ್ದಳು. ಜನವರಿಯ ಚಳಿಗೆ ಹಿಟ್ಟು ಉಬ್ಬುವುದಿಲ್ಲವೆಂದು ಅಡುಗೆಮನೆಯಲ್ಲಿ ಪುಟ್ಟ ಸಿಲಿಂಡರಿನ ಹೀಟರ್ ಇಟ್ಟಿದ್ದರು. ಶನಿವಾರ ಬೆಳಿಗ್ಗೆ ಆರಕ್ಕೆ ಅವಳು ಒಲೆ ಹಚ್ಚಿದ್ದೇ ತಡ, ಸೋರಿ ನಿಂತಿದ್ದ ಗ್ಯಾಸ್ ಭಗ್ಗೆಂದಿತು. ಜೀವ ಉಳಿಯಿತು, ಮುಖ ಮತ್ತು ಕೈ ಸುಟ್ಟವು. ಯಾರೋ ಕಳ್ಳದಾರಿಯಲ್ಲಿ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಗ್ಯಾಸ್ ತುಂಬಿಸಿ ವಾಲ್ವ್ ಕೆಡಿಸಿದ್ದಾರೆ ಎಂದರು ಪೊಲೀಸರು.

"ಸಿಲಿಂಡರ್ ಶುಕ್ರವಾರ ಖಾಲಿ ಇತ್ತು, ಹೀಟರ್ ಹಚ್ಚಲೇ ಇಲ್ಲ. ಶನಿವಾರ ಬೆಳಿಗ್ಗೆ ಐದಕ್ಕೆ ಮಾಮ ತುಂಬಿಸಿ ತಂದರು," ಎಂದು ರಮಿತಾಳ ಗಂಡ ಸೂರಜ್ ಹೇಳಿಕೆ ಕೊಟ್ಟಿದ್ದ. ಚೆನ್ನಯಣ್ಣ ಹಿಂದೊಮ್ಮೆ ಇಂಥದೇ ಕೆಲಸದಲ್ಲಿ ಸಿಕ್ಕಿಬಿದ್ದವರು. ಮತ್ತೆ ಕೇಳಬೇಕೇ?

"ಐದಕ್ಕೆ ಬಂದದ್ದು ಹೌದು. ಹೋಟೆಲಿನ ಖಾಲಿ ಪಾತ್ರೆ ಬಾಗಿಲಲ್ಲಿಟ್ಟು ಹೋದೆ, ಅಷ್ಟೇ. ಜೈಲಿಗೆ ಬೇಕಾದ್ರೆ ಹೋಗ್ತೇನೆ ಅಕ್ಕ. ನಿನ್ನೆ ಆಸ್ಪತ್ರೆಗೆ ಹೋದ್ರೆ ರಮಿತಾ ಗೋಡೆ ಕಡೆ ತಿರುಗಿ ಮಲಗಿದ್ಲು. ತಾಯಿಯಿಲ್ಲದ ಮಗು, ನಾನೇ ಸಾಕಿದ್ದು," ಎಂದು ಅವರು ಅತ್ತುಬಿಟ್ಟರು.

ಅಡುಗೆಮನೆಯ ಗೋಡೆ ಕಪ್ಪಾಗಿತ್ತು. ಮೂಲೆಯ ಮೂರು ಪಾತ್ರೆಗಳ ಮುಚ್ಚಳ ಎತ್ತಿಕೊಂಡು ಹಿಟ್ಟು ಉಕ್ಕಿ ನೆಲದಲ್ಲಿ ಒಣಗಿತ್ತು, ಅದರ ಮೇಲೂ ಮಸಿ ಕೂತಿತ್ತು. ಹರಿಣಕ್ಕ ಅದನ್ನೇ ನೋಡುತ್ತ ನಿಂತರು. ಸೂರಜ್‌ನ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು.

"ಎಂತ ಆಯ್ತು ಮಾರಾಯ?"

"ರಮಿತಾಳನ್ನು ಬೆಂಕಿಯಿಂದ ಎಳೆವಾಗ ಸುಟ್ಟಿತು ಆಂಟಿ."

ಅವರು ಬಟ್ಟೆ ಬಿಚ್ಚಿ ನೋಡಿ, ಹೊಸದು ಕಟ್ಟಿದರು. ಬೆರಳ ತುದಿ ಮೇಣದಷ್ಟು ಬೆಳ್ಳಗಿತ್ತು. ಕೈಯ ರೋಮ ಒಂದೂ ಸುಟ್ಟಿರಲಿಲ್ಲ.

ಅಷ್ಟರಲ್ಲಿ ಮೇಲಿನ ಮನೆಯ ಶ್ರೀನಿ ಇಳಿದು ಬಂದ. ಬೆಂಗಳೂರಿನವನು, ಬ್ಯಾಂಕಿನ ನೌಕರ, ಸೊಸೈಟಿಯ ಸೆಕ್ರೆಟರಿ. "ಮನೇಲಿ ಈ ದಂಧೆ ಬೇಡ ಅಂತ ಬಡ್ಕೊಂಡೆ. ಶುಕ್ರವಾರ ಸಂಜೆ ಏಳಕ್ಕೇ ಗ್ಯಾಸ್ ವಾಸನೆ ಅಂತ ಗ್ರೂಪಲ್ಲಿ ಹಾಕಿದ್ದೀನಿ. ಯಾರಾದ್ರೂ ಕ್ಯಾರೆ ಅಂದ್ರಾ?" ದಿನಕ್ಕೆ ನಾಲ್ಕು ದೂರು ಹಾಕುವ ಆಸಾಮಿ, ಯಾರು ಓದುತ್ತಾರೆ? ನನ್ನ ಗುಮಾನಿಯೆಲ್ಲ ಅವನ ಮೇಲೇ ಇತ್ತು.

ಹರಿಣಕ್ಕ ಎರಡು ಫೋನ್ ಮಾಡಿದರು, ಒಂದು ಆಸ್ಪತ್ರೆಗೆ, ಒಂದು ಚೆನ್ನಯಣ್ಣ ಕೆಲಸ ಮಾಡುವ ಮಾಜಿವಾಡಾದ ಹೋಟೆಲಿಗೆ. ನಾಲ್ಕು ಗಂಟೆಗೆ ಸಬ್ ಇನ್ಸ್‌ಪೆಕ್ಟರನ್ನೂ ಕರೆಸಿ, ಎಲ್ಲರನ್ನೂ ಅದೇ ಅಡುಗೆಮನೆಯಲ್ಲಿ ಕೂರಿಸಿದರು.

"ಮಸಿ ಕೂತದ್ದು ಉಕ್ಕಿದ ಹಿಟ್ಟಿನ ಮೇಲೆ, ಅಂದ್ರೆ ಬೆಂಕಿಗೆ ಮೊದಲೇ ಉಕ್ಕಿದೆ. ಈ ಚಳಿಯಲ್ಲಿ ಹೀಟರ್ ಇಲ್ಲದೆ ಹಿಟ್ಟು ಇಷ್ಟು ಉಕ್ಕುದಿಲ್ಲ," ಎಂದರು. "ಬೆಳಿಗ್ಗೆ ಐದಕ್ಕೆ ಗ್ಯಾಸ್ ಬಂದಿದ್ರೆ ಆರಕ್ಕೆ ಹಿಟ್ಟು ಹಂದಾಡ್ತಲೂ ಇರಲಿಲ್ಲ, ಕೂತಲ್ಲೇ ಇರ್ತಿತ್ತು. ಹಾಗಾದ್ರೆ ಶುಕ್ರವಾರ ರಾತ್ರಿಯೇ ಹೀಟರ್ ಉರಿದಿದೆ. ಮಧ್ಯಾಹ್ನ ರಮಿತಾ ಡೊಂಬಿವಲಿಗೆ ಹೊರಡುವಾಗ ಸಿಲಿಂಡರ್ ಖಾಲಿ ಇತ್ತು, ಅವಳೇ ಹೇಳಿದ್ಲು. ಅವಳು ವಾಪಸ್ ಬಂದು ಸೀದಾ ಮಲಗಿದ್ದು. ಅಂದ್ರೆ ತುಂಬಿಸಿದ್ದು ನಡುವೆ. ಏಳಕ್ಕೆ ವಾಸನೆ ಬಂತು ಅಂತ ಶ್ರೀನಿ ಬರೆದದ್ದು ಸುಳ್ಳಲ್ಲ. ಆಗ ಚೆನ್ನಯಣ್ಣ ಮಾಜಿವಾಡಾದಲ್ಲಿ ಬಡಿಸ್ತಾ ಇದ್ರು, ಮಾಲೀಕರು ಸಾಕ್ಷಿ. ಈ ಮನೆಯಲ್ಲಿ ಇದ್ದದ್ದು ಒಬ್ಬನೇ."

"ಆಂಟಿ, ಮೈನೇ ಕುಛ್ ನಹೀ ಕಿಯಾ, ನಾನೇನೂ ಮಾಡಿಲ್ಲ," ಎಂದ ಸೂರಜ್.

"ನಿನ್ನ ಬೆರಳು ಬೆಂಕಿಯಲ್ಲಿ ಸುಟ್ಟದ್ದಲ್ಲ ಮಗಾ. ಅದು ತುಂಬಿಸುವಾಗ ಚಿಮ್ಮಿದ ಗ್ಯಾಸಿನ ತಣ್ಪು ತಾಗಿದ್ದು, ಮಂಜುಗಡ್ಡೆಗಿಂತ ಚಳಿ ಅದಕ್ಕೆ. ಸಾವಿರ ಗಾಯ ತೊಳೆದಿದ್ದೇನೆ, ನನಗೆ ಗೊತ್ತಾಗುದಿಲ್ವಾ?"

ಅವನು ಮುಖ ಮುಚ್ಚಿಕೊಂಡ. ಏಜೆನ್ಸಿಯವರು ಎರಡು ದಿನದಿಂದ ಸಿಲಿಂಡರ್ ಕೊಟ್ಟಿರಲಿಲ್ಲ. ಶನಿವಾರದ ಆರ್ಡರ್ ತಪ್ಪಬಾರದೆಂದು ತಾನೇ ತುಂಬಿಸಿದ್ದ, ನಸುಕಿನಲ್ಲಿ ಎದ್ದು ಹೀಟರ್ ಆರಿಸಿದ ಮೇಲೆ ಕೆಟ್ಟ ವಾಲ್ವ್ ಸೋರಿತ್ತು, ಹೆದರಿ ಮಾಮನ ಹೆಸರು ಹೇಳಿದ್ದ. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು.

ಅವನು ಚೆನ್ನಯಣ್ಣನ ಕಾಲಿಗೆ ಬಿದ್ದ. "ನನ್ನ ಹತ್ರ ಎಂತದು? ಅವಳ ಹತ್ರ ಹೇಳು," ಎಂದರು ಅವರು.

ಸಬ್ ಇನ್ಸ್‌ಪೆಕ್ಟರ್ ಒಪ್ಪಿ, ಠಾಣೆಗೆ ಮುಂಚೆ ಅವನನ್ನು ಆಸ್ಪತ್ರೆಗೆ ಕರೆತಂದ; ಚೆನ್ನಯಣ್ಣನೂ ನಾವೂ ಜೊತೆಗಿದ್ದೆವು. ಸೂರಜ್ ತಲೆ ತಗ್ಗಿಸಿ ಎಲ್ಲ ಹೇಳಿದ. ರಮಿತಾ ಗೋಡೆ ನೋಡುತ್ತಲೇ ಕೇಳಿಸಿಕೊಂಡಳು. ಕೊನೆಗೆ ಗಂಡನ ಕಡೆ ನೋಡದೆ, ಬ್ಯಾಂಡೇಜಿನ ಕೈ ಊರಿ ನಿಧಾನಕ್ಕೆ ಈಚೆ ಹೊರಳಿದಳು.

"ಮಾಮ, ಬೆಳಿಗ್ಗೆಯಿಂದ ಏನಾದ್ರೂ ತಿಂದಿರಾ?" ಎಂದು ಕೇಳಿದಳು.